ಬೆಂಕಿ ಬೆಟ್ಟಕ್ಕೆ ಬಯಕೆ ಊಟ

ಬೆಟ್ಟವೊಂದು ಬೆಂಕಿ ಉಗುಳುತ್ತದೆಂದು ಜನರೆಲ್ಲ ಗಂಟು ಮೂಟೆ ಕಟ್ಟಿಕೊಂಡು ಕೆಳಗಿಳಿಯುತ್ತಿರುವಾಗ, ಊಟದ ಬುಟ್ಟಿ ಹಿಡಿದು ಮೇಲೆ ಹತ್ತಲು ಹೊರಟವಳು ಈ ಭೂಮಿಯ ಮೇಲೆ ಒಬ್ಬಳೇ ಇರಬೇಕು. ದುರದೃಷ್ಟಕ್ಕೆ ಅವಳು ನನ್ನ ಸೋದರತ್ತೆ!

ನಾನು ಸಾಗರದಲ್ಲಿ ಭೂಗೋಳದ ಮೇಷ್ಟ್ರು. ಇಪ್ಪತ್ತು ವರ್ಷದಿಂದ ಕೆಂಪು ಸೀಮೆಸುಣ್ಣದಲ್ಲಿ ಜ್ವಾಲಾಮುಖಿ ಬರೆದು, ಭಾಗಗಳನ್ನು ಗುರುತಿಸಿ ಎಂದು ಮಕ್ಕಳ ಪ್ರಾಣ ತಿಂದವನು. ಅತ್ತೆ ಹುಂಚದ ಹತ್ತಿರದ ನಮ್ಮೂರಲ್ಲಿ, ನಮ್ಮಪ್ಪನ ಮನೆಯಲ್ಲೇ ಇರುವವಳು. ಓದಿದ್ದು ಮೂರನೇ ಕ್ಲಾಸು. ಆದರೆ ಸರ್ಕಾರ ಕೊಡುವ ಯಾವ ಕಾರ್ಡನ್ನೂ ಬಿಟ್ಟವಳಲ್ಲ. ರೇಷನ್ ಕಾರ್ಡು, ವೋಟರ್ ಕಾರ್ಡು, ಆಧಾರ್ ಎಲ್ಲ ಆದಮೇಲೆ "ಇನ್ನೆಂತಾರ ಉಳಿದಿದ್ಯಾ?" ಎಂದು ವಿಚಾರಿಸಿ ಪಾಸ್‌ಪೋರ್ಟನ್ನೂ ಮಾಡಿಸಿಟ್ಟುಕೊಂಡಿದ್ದಳು. ಎಲ್ಲಿಗಮ್ಮ ಹೋಗೋದು ಎಂದು ವಿಚಾರಣೆಗೆ ಬಂದ ಪೊಲೀಸಿನವರು ಕೇಳಿದರೆ "ಕರದ್ರೆ ಹೋಗೋದು" ಅಂದಳಂತೆ.

ಕೊನೆಗೂ ಕರೆದದ್ದು ಬೆಟ್ಟ. ದಸರಾ ರಜೆಗೆ ಬಾಲಿಗೆ ಹೋಗುವುದೆಂದು ನಾವು ಕೆಲವು ಮೇಷ್ಟ್ರುಗಳು ಟ್ರಾವೆಲ್ಸ್‌ನವನ ಹತ್ತಿರ ಹೆಸರು ಬರೆಸಿದ್ದೆವು. ಅಷ್ಟರಲ್ಲಿ ಅಲ್ಲಿಯ ಬೆಟ್ಟ ಹೊಗೆ ಬಿಡಲು ಶುರುಮಾಡಿತು. ಟಿವಿಯಲ್ಲಿ ದಿನವಿಡೀ ಅದೇ. ಒಬ್ಬೊಬ್ಬರೇ ಹೆಸರು ತೆಗೆಸಿದರು. ಎಲ್ಲರೂ ತೆಗೆಸುತ್ತಿರುವಾಗ ಹೊಸದಾಗಿ ಹೆಸರು ಬರೆಸಿದ ಮಹಾತಾಯಿ ನಮ್ಮತ್ತೆ.

"ಅತ್ತೆ, ಅದು ಜ್ವಾಲಾಮುಖಿ. ಒಳಗೆ ಕಲ್ಲೇ ಕರಗಿ ಕುದೀತಿರ್ತದೆ" ಎಂದು ವಿವರಿಸಿದೆ.

"ಎಂತ ಮುಖಿಯೂ ಅಲ್ಲ. ಭೂಮ್ತಾಯಿ ಬಸುರಿ, ಹೊಟ್ಟೆ ತೊಳಸ್ತಾ ಇದೆ. ಬಸುರಿ ವಾಂತಿ ಮಾಡ್ಕಂತಾಳೆ ಅಂತ ಮನೆಯವ್ರೆಲ್ಲ ಬಿಟ್ಟು ಓಡ್ತಾರಾ?"

ನಮ್ಮ ಕಡೆ ಭೂಮಿ ಹುಣ್ಣಿಮೆ ಎಂದು ಮಾಡುತ್ತಾರೆ. ಭತ್ತ ಹೊಡೆ ತುಂಬಿ ನಿಂತಿರುವ ಹೊತ್ತಿನಲ್ಲಿ, ಭೂಮಿ ಬಸುರಿಯೆಂದು ಅವಳಿಗೆ ಬಯಕೆ ಊಟ ಬಡಿಸುವ ಹಬ್ಬ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದು, ಹತ್ತಾರು ಸೊಪ್ಪು ಬೇಯಿಸಿದ ಅಂಬಲಿಯನ್ನು ಅದರಲ್ಲಿ ಹೊತ್ತು ಗದ್ದೆಗೆ ಬೀರುತ್ತೇವೆ. ಬರೆಯುವುದು, ಸೊಪ್ಪು ಕೊಯ್ಯುವುದು, ಬೇಯಿಸುವುದು ಅತ್ತೆಯ ಕೆಲಸ. ಹೊರುವುದು, ಬೀರುವುದು ನನ್ನದು ಮತ್ತು ನನ್ನ ಹೆಂಡತಿಯದು. ನಮ್ಮೂರಲ್ಲಿ ಇದೆಲ್ಲ ಸರಿ. ಸಮುದ್ರ ದಾಟಿ ಹೋಗಿ ಪರದೇಶದ ಬೆಟ್ಟಕ್ಕೆ ಸೀಮಂತ ಮಾಡುತ್ತೇನೆ ಅನ್ನುವವಳಿಗೆ ಏನು ಹೇಳಬೇಕು? ನಾನು ಹುಚ್ಚು ಅಂದೆ. ಅಪ್ಪನೂ ಅದನ್ನೇ ಅಂದರು. ಅವಳು ಕೇಳಲಿಲ್ಲ. ಕೊನೆಗೆ ಅಪ್ಪ "ನೀನಾದ್ರೂ ಜೊತೆಗೆ ಹೋಗಾ" ಎಂದು ನನ್ನ ಹೆಸರು ತೆಗೆಸಲು ಬಿಡಲಿಲ್ಲ, ನಾನೂ ಹುಚ್ಚರ ಲೆಕ್ಕಕ್ಕೆ ಸೇರಿದೆ.

ಬಾಲಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಬುಟ್ಟಿ ಬಿಚ್ಚಿಸಿದ. ಹಸಿ ಸೊಪ್ಪು ಒಳಗೆ ತರುವ ಹಾಗಿಲ್ಲ ಎಂದು ಅಷ್ಟನ್ನೂ ಕಸದ ಡಬ್ಬಿಗೆ ಹಾಕಿದ. ನನಗೆ ಒಳಗೊಳಗೇ ಖುಷಿ, ಪೀಡೆ ತೊಲಗಿತು ಅಂದುಕೊಂಡೆ. ಮಾರನೆಯ ಬೆಳಿಗ್ಗೆ ನೋಡಿದರೆ ಅತ್ತೆ ಹೋಟೆಲಿನ ಹಿಂದಿನ ತೋಟದಲ್ಲಿ ಸೆರಗು ತುಂಬ ಸೊಪ್ಪು ಕೊಯ್ದುಕೊಂಡು ನಿಂತಿದ್ದಾಳೆ.

"ಕೆಸ ಇದೆ, ನುಗ್ಗೆ ಇದೆ, ಕುಂಬಳದ ಕುಡಿ ಇದೆ. ಇದನ್ನೆಲ್ಲ ನಿನ್ನ ಭೂಗೋಳದಾಗೆ ಬರದಿಲ್ವಾ ಮಾರಾಯ?"

ಕೋಣೆಯಲ್ಲಿ ಟೀ ಮಾಡಿಕೊಳ್ಳಲು ಇಟ್ಟಿದ್ದ ಕೆಟಲಿನಲ್ಲಿ, ಊರಿಂದ ತಂದ ಅಕ್ಕಿನುಚ್ಚು ಹಾಕಿ ಅಂಬಲಿ ಬೇಯಿಸಿದಳು. ನಮ್ಮ ನಂತರ ಆ ಕೋಣೆಗೆ ಬಂದು ಟೀ ಕುಡಿದವರನ್ನು ನೆನೆದರೆ ಈಗಲೂ ಪಾಪ ಅನ್ನಿಸುತ್ತದೆ.

ಬಾಡಿಗೆ ಕಾರು ಮಾಡಿಕೊಂಡು ಹೋದರೆ, ಬೆಟ್ಟದ ದಾರಿಗೆ ಗೇಟು ಅಡ್ಡ ಹಾಕಿ ಕಾವಲಿನವನೊಬ್ಬ ನಿಂತಿದ್ದ. ಮೇಲಿನ ಊರಿನವರು ಸ್ಕೂಟರುಗಳಲ್ಲಿ ಹಾಸಿಗೆ, ಕೋಳಿ ಹೇರಿಕೊಂಡು ಇಳಿಯುತ್ತಿದ್ದರು. ಹೋಗುವ ಹಾಗಿಲ್ಲ ಎಂದು ಅವನು ತಲೆಯಾಡಿಸಿದ. ಸರಿ, ನಡಿ ಅತ್ತೆ ಅಂದೆ. ಅತ್ತೆ ಬುಟ್ಟಿ ಕೆಳಗಿಟ್ಟಳು. ಬೆಟ್ಟ ತೋರಿಸಿದಳು. ಎರಡೂ ಕೈಯನ್ನು ಹೊಟ್ಟೆಯ ಮುಂದೆ ಗುಂಡಗೆ ಹಿಡಿದಳು. ಆಮೇಲೆ ಬಾಯಿಗೆ ತುತ್ತಿಡುವ ಹಾಗೆ ಮಾಡಿದಳು. ಮಾನ ಹೋಯಿತು ಎಂದು ನಾನು ಬೇರೆ ಕಡೆ ನೋಡಿದೆ. ಅವನು ಮಾತ್ರ ಬುಟ್ಟಿಯ ಚಿತ್ತಾರವನ್ನೇ ನೋಡುತ್ತಿದ್ದ. ಟೊಪ್ಪಿ ತೆಗೆದ. ಗೇಟಿನ ಈಚೆಗಿದ್ದ ಗದ್ದೆ ತೋರಿಸಿ, ಬೇಗ ಬೇಗ ಎಂದು ಕೈಸನ್ನೆ ಮಾಡಿದ.

ಅತ್ತೆ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಗದ್ದೆಗಿಳಿದಳು. ಅಷ್ಟರಲ್ಲಿ ನೆಲದೊಳಗೆ ಗುಡುಗಿದ ಹಾಗೆ ಸದ್ದಾಯಿತು. ಇಪ್ಪತ್ತು ವರ್ಷ ಜ್ವಾಲಾಮುಖಿಯ ಪಾಠ ಮಾಡಿದ ನಾನು ಆಗ ಎಲ್ಲಿದ್ದೆ? ಕಾರಿನೊಳಗೆ! ಬಾಗಿಲನ್ನೂ ಹಾಕಿಕೊಂಡಿದ್ದೆ. ಸದ್ದು ನಿಂತಮೇಲೆ ಗಾಜು ಇಳಿಸಿದರೆ ಅತ್ತೆಯ ದನಿ ಕೇಳಿತು. "ಉಂಡ್ಕಾ ತಾಯಿ. ಹೆದರ್ಕಬ್ಯಾಡ, ನಾನಿದೀನಿ."

ಬುಟ್ಟಿ ಖಾಲಿ ಮಾಡಿ ಬಂದು ಪಕ್ಕದಲ್ಲಿ ಕೂತಳು. ಕೈಗೆ ಮೆತ್ತಿದ್ದ ಅಂಬಲಿಯನ್ನು ಒರೆಸಿಕೊಳ್ಳಲಿಲ್ಲ. ಬೈಯಬೇಕೆಂದು ಬಾಯಿ ತೆರೆದೆ. ಅವಳೇ ಮೆಲ್ಲಗೆ ಅಂದಳು:

"ಇಲ್ಲಿ ಯಾರೂ ನಂಗೆ ಬುಟ್ಟಿ ಹೊರಬ್ಯಾಡ ಅನ್ಲಿಲ್ಲ ನೋಡಾ."

ತೀರ್ಥಹಳ್ಳಿ ಕಡೆಯ ಗಂಡನ ಮನೆಯಲ್ಲಿ ಅತ್ತೆಗೆ ಸೀಮಂತವಾಗಿ ಹದಿನೈದು ದಿನಕ್ಕೆ ಮಗು ಹೊಟ್ಟೆಯಲ್ಲೇ ಹೋಗಿತ್ತು. ಆಮೇಲೆ ಮಕ್ಕಳಾಗಲಿಲ್ಲ. ಅವಳನ್ನು ತವರಿಗೆ ಕಳಿಸಿದರು, ಕರೆಯಲು ಯಾರೂ ಬರಲಿಲ್ಲ. ಇಂಥವಳು ಬಯಕೆ ಬುಟ್ಟಿ ಹೊತ್ತರೆ ಬೆಳೆಗೆ ಒಳ್ಳೆಯದಲ್ಲ ಎಂದು ನಮ್ಮ ಮನೆಯ ಹಿರಿಯರು ಹೇಳಿದರು, ಅದೇ ನಡೆದುಕೊಂಡು ಬಂತು. ಬಸುರಿಯನ್ನು ಮನೆಯವರು ಬಿಟ್ಟು ಓಡುತ್ತಾರೋ ಇಲ್ಲವೋ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನಗೂ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಪ್ರತಿವರ್ಷ ಅವಳು ಬರೆದ ಬುಟ್ಟಿ ಹೊತ್ತು ಗದ್ದೆಗೆ ಹೋದವನು ನಾನೇ. ಅವಳು ಆಗ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿರುತ್ತಿದ್ದಳು. ನನಗೆ ನಾಚಿಕೆಯಾಯಿತು.

ಊರಿಗೆ ಬಂದ ಮೂರನೇ ದಿನಕ್ಕೆ ಭೂಮಿ ಹುಣ್ಣಿಮೆ. ಅತ್ತೆ ಬುಟ್ಟಿ ತಂದು ಜಗಲಿಯಲ್ಲಿಟ್ಟು, ಎಂದಿನಂತೆ ಹಿತ್ತಿಲ ಕಡೆ ತಿರುಗಿದಳು. ನಾನು ತೋಳು ಹಿಡಿದು ನಿಲ್ಲಿಸಿ, ಬುಟ್ಟಿಯನ್ನು ಅವಳ ತಲೆಯ ಮೇಲಿಟ್ಟೆ. ಅಪ್ಪ ಏನೋ ಹೇಳಲು ಹೊರಟವರು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅತ್ತೆ ಎರಡೂ ಕೈಯಲ್ಲಿ ಬುಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗದ್ದೆಯ ದಾರಿಯಲ್ಲಿ ನಾಲ್ಕು ಹೆಜ್ಜೆ ಹೋದವಳು ಹಿಂದೆ ತಿರುಗದೆ ಅಂದಳು:

"ಮೇಷ್ಟ್ರೆ, ಹಿಂದೇ ಬಾ. ಇಲ್ಲಿ ಓಡಿ ಹೋಗಿ ಕೂರಕ್ಕೆ ಕಾರಿಲ್ಲ."