ಮುದುಕಿಯರ ಊಸಿ

ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯಲ್ಲಿ ಔಷಧಿ ಅಂಗಡಿ ಇಟ್ಟವನಿಗೆ ನಗು ಬಂದರೂ ನಗುವ ಹಾಗಿಲ್ಲ. ನಕ್ಕರೆ ಗಿರಾಕಿ ಎದುರಂಗಡಿ ಪಾಲು. ಕೆಮ್ಮಿನ ಔಷಧಿಯನ್ನು ಬೀದಿಗೆಲ್ಲ ಕೇಳುವಂತೆ ಕೇಳುವ ಜನ, ಸಂತಾನದ ವಿಷಯಕ್ಕೆ ಬಂದರೆ ಮೊದಲು ಒಂದು ಸೋಪು ಕೇಳುತ್ತಾರೆ. ಆಮೇಲೆ ಪೌಡರು. ಬೀದಿಯಲ್ಲಿ ನಿಂತವರು ಹೋದ ಮೇಲೆ ವಿಷಯ. ನನ್ನ ಸೋಪಿನ ವ್ಯಾಪಾರ ಚೆನ್ನಾಗಿರುವುದು ಹೀಗೆ. ನಮ್ಮ ಮನೆಮಾತಿನವರಾದರೆ ಇನ್ನೊಂದು ಅನುಕೂಲವಿದೆ: ಬೀದಿಯೆಲ್ಲ ತಮಿಳು, ಗುಟ್ಟಿಗೆ ಕನ್ನಡ. ಅಂಥ ಒಂದೇ ಮನೆಯವರು ನನಗೆ ಕೊಟ್ಟ ಕಷ್ಟ ಇದು.

ಸ್ಯಾಂಪಲ್

ಪವರ್‌ಲೂಮ್ ಇಟ್ಟಿರುವ ಹುಡುಗ. ಮದುವೆಯಾಗಿ ಕೆಲವು ವರ್ಷವಾಗಿತ್ತು. ಸೋಪು ತೆಗೆದುಕೊಂಡ, ಆಮೇಲೆ ಬಸಿರು ನೋಡುವ ಪಟ್ಟಿ ಕೇಳಿದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದ.

"ಅಣ್ಣಾ, ಇನ್ನೊಂದು ಕೊಡಿ."

"ಯಾಕಪ್ಪ, ಕೆಟ್ಟಿತ್ತಾ?"

"ಇಲ್ಲ, ಒಳ್ಳೇ ಮಾಲು. ನಾನೇ ನೋಡ್ದೆ, ಒಂದೇ ಗೆರೆ ಬಂತು. ಗಂಡಸಿಗೆ ಎರಡು ಬಂದಿದ್ರೆ ವಾಪಸ್ ಮಾಡ್ತಿದ್ದೆ."

ನೂಲಿನ ಲಾಟು ಕೊಳ್ಳುವವನು ಸ್ಯಾಂಪಲ್ ನೋಡದೆ ಬಿಡುತ್ತಾನೆಯೇ?

ವಂಶ

ಹೆಂಡತಿಗೂ ಒಂದೇ ಗೆರೆ, ಪ್ರತಿ ತಿಂಗಳೂ. ಒಂದು ದಿನ ಅವನ ಅಮ್ಮ ಬಿಪಿ ಮಾತ್ರೆಗೆ ಬಂದರು. ಹೊರಗೆ ಒಂದು ಲೋಟ ನೀರು ಕೂಡ ಮುಟ್ಟದ ಮಡಿವಂತೆ.

"ತಂಬೀ, ಈ ಆಷಾಢ, ಆಡಿ ತಿಂಗಳು ಕಳೀಲಿ. ಸೊಸೆಯನ್ನ ಸೂಲೂರಿಗೆ, ತವರಿಗೆ ಬಿಟ್ಟುಬರ್ತೀನಿ. ಮಗನಿಗೆ ಬೇರೆ ಕಡೆ ನೋಡ್ತೀನಿ."

"ಅಕ್ಕಾ, ಕೊರತೆ ಯಾರದ್ದೋ ಏನೋ. ಇದೆಲ್ಲ ಹುಟ್ಟಿನಿಂದಲೂ ಬರಬಹುದು."

"ನಮ್ಮ ಕುಲದಲ್ಲಾ! ನನ್ನ ಮಾವನಿಗೆ ಮಕ್ಕಳಿದ್ರು, ಅವರಪ್ಪನಿಗೆ ಇದ್ರು, ಅವರ ತಾತನಿಗೂ ಇದ್ರು. ಒಬ್ಬರಾದ್ರೂ ತಪ್ಪಿಲ್ಲ."

"ಮಕ್ಕಳಾಗದವರ ಮೊಮ್ಮಗನನ್ನ ನೀವು ಎಲ್ಲಾದರೂ ನೋಡಿದ್ದೀರಾ ಅಕ್ಕಾ?"

ಅವರು ನಿಜವಾಗಿಯೂ ಯೋಚನೆ ಮಾಡಿದರು.

"ನಮ್ಮ ಕುಲದಲ್ಲಂತೂ ಇಲ್ಲಪ್ಪ."

ಬಾಲ

ಕೊನೆಗೆ ಮಗ ಕೊಯಮತ್ತೂರಿನ ಡಾಕ್ಟರರ ಚೀಟಿ ಹಿಡಿದು ಬಂದ. ಸೋಪಿಲ್ಲ, ಪೌಡರಿಲ್ಲ, ಮುಖ ಬಾಡಿತ್ತು. ಮಿದುಳಿನಿಂದ ಕೆಳಗೆ ಹೋಗಬೇಕಾದ ಹಾರ್ಮೋನು ಅವನಿಗೇ ಸಾಲದು, ಹುಟ್ಟಿನಿಂದಲೇ. ಎರಡು ಥರದ ಊಸಿ, ಅಂದರೆ ಇಂಜೆಕ್ಷನ್, ಬರೆದಿದ್ದರು.

"ಅಮ್ಮನಿಗೆ ಹೇಳ್ಬೇಡಿ ಅಣ್ಣಾ. ಇದರಲ್ಲಿ ಒಂದು ಬಸುರಿಯರ ಹಾರ್ಮೋನಂತೆ. ನನಗೆ ವಾಂತಿ ಗೀಂತಿ ಶುರುವಾಗುತ್ತಾ?"

ಔಷಧಿ ಕಂಪನಿಯವನು ನನಗೆ ತಿಳಿಸಿದ್ದನ್ನು ನಾನು ನಮ್ಮ ಭಾಷೆಯಲ್ಲಿ ಹೇಳಿದೆ. ಗಂಡಿಗೂ ಹೆಣ್ಣಿಗೂ ಆಜ್ಞೆ ಒಯ್ಯುವ ಹಳೇ ಹಾರ್ಮೋನೊಂದಿದೆ. ಮನುಷ್ಯ ಹುಟ್ಟುವ ಎಷ್ಟೋ ಮೊದಲು, ನಮ್ಮ ಮಂಗಪೂರ್ವಜರಲ್ಲೇ, ಅದರ ಜೀನ್ ಕಾಪಿಯಾಯಿತು. ಆ ಕಾಪಿಯೇ ಈ ಬಸುರಿಯರ ಹಾರ್ಮೋನು; ಅದಕ್ಕೆ ಒಂದು ಪುಟ್ಟ ಬಾಲ ಸೇರಿತು. ಅದರಿಂದ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಆಜ್ಞೆ ಮಾತ್ರ ಅದೇ.

"ತಿರುಪ್ಪೂರಿನ ಬನಿಯನ್ ಕಂಪನಿಯವರು ಮಾಡೋದೂ ಇದೇ ಅಲ್ವಾ? ಡಿಸೈನ್ ಕಾಪಿ ಹೊಡೆದು, ಕೆಳಗೆ ಸ್ವಲ್ಪ ಉದ್ದ ಬಿಟ್ಟು, ಬೇರೆ ಲೇಬಲ್."

"ಹಾಗಾದ್ರೆ ಡೂಪ್ಲಿಕೇಟಾ!"

"ಒರಿಜಿನಲ್‌ಗಿಂತ ಜಾಸ್ತಿ ಬಾಳಿಕೆ."

ಅವನ ಮುಖ ಅರಳಿತು. "ಹಾಗನ್ನಿ ಮತ್ತೆ. ಪ್ಯಾಕ್ ಮಾಡಿ."

ಕಚ್ಚಾ ಮಾಲು

ಚೀಟಿಯಲ್ಲಿದ್ದ ಇನ್ನೊಂದು ಊಸಿ ತೆಗೆದುಕೊಂಡು ಹೋಗಲು ಅತ್ತೆಯೂ ಸೊಸೆಯೂ ಬಂದರು. ಊಸಿ ಸೊಸೆಗೆಂದೇ ಅತ್ತೆಯ ನಂಬಿಕೆ. ನಾನು ಐಸಿನ ಜೊತೆ ಕಟ್ಟುತ್ತಿದ್ದಾಗ ಕೇಳಿದರು:

"ಯಾತರಿಂದ ಮಾಡ್ತಾರೆ ಇದನ್ನ?"

ಮಾಲಿನ ವಿಷಯದಲ್ಲಿ ಸುಳ್ಳು ಹೇಳಿದರೆ ಒಂದು ದಿನ ಸಿಕ್ಕಿಬೀಳುತ್ತೇವೆ. "ಮುಟ್ಟು ನಿಂತ ಹೆಂಗಸರ ಮೂತ್ರದಿಂದ ತೆಗೀತಾರೆ ಅಕ್ಕಾ."

"ಥೂ! ಮುದುಕಿಯರದ್ದಾ? ಯಾಕೆ?"

"ಮಗ್ಗ ನಿಂತುಹೋಗಿದೆ ಅಂತ ಯಜಮಾನ ಒಪ್ಪಲ್ಲ, ಇನ್ನೂ ಜೋರಾಗಿ ಕೂಗ್ತಾನೆ. ಮುಟ್ಟು ನಿಂತ ಮೇಲೆ ಮಿದುಳೂ ಹಾಗೇ. ಆ ಕೂಗೇ ಈ ಸೀಸೆಯಲ್ಲಿರೋದು."

ಅವರಿಗೆ ನಗು ತಡೆಯಲಾಗಲಿಲ್ಲ. "ಇವಳಿಗೆ ಅದೇ ಸರಿ. ಕೊಡು, ಕೊಡು!"

ಸೊಸೆ ತಲೆ ಎತ್ತದೆ ಹೇಳಿದಳು: "ಊಸಿ ನನಗಲ್ಲ ಅತ್ತೆ. ನಿಮ್ಮ ಮಗನಿಗೆ. ನನ್ನ ಟೆಸ್ಟೆಲ್ಲ ಸರಿಯಾಗೇ ಇದೆ."

ಅಕ್ಕ ನನ್ನ ಕಡೆ ನೋಡಿದರು. ನಾನು ಸೋಪು ಜೋಡಿಸತೊಡಗಿದೆ. ಅವರು ಪೊಟ್ಟಣದತ್ತ ಬೆರಳು ತೋರಿಸಿದರು:

"ಯಾವ ಊರಿನ ಮುದುಕಿಯರದ್ದು ಇದು?"

"ಗೊತ್ತಿಲ್ಲ ಅಕ್ಕಾ."

"ಯಾವ ಕುಲ?"

"ಅದನ್ನ ಡಬ್ಬಿ ಮೇಲೆ ಬರೆಯಲ್ಲ."

ಅವರು ಸೆರಗು ಸಿಕ್ಕಿಸಿಕೊಂಡರು. "ನಾನು ಬದುಕಿರುವಾಗ ನನ್ನ ಮಗನಿಗೆ ಕಂಡಕಂಡವರದ್ದು ಯಾಕೆ? ಒಂದು ಖಾಲಿ ಡಬ್ಬಿ ಕೊಡು ತಂಬೀ. ದಿನಾ ಬೆಳಿಗ್ಗೆ ಇವಳ ಕೈಲಿ ಕಳಿಸ್ತೀನಿ. ಆಡಿ ಕಳೆದ ಮೇಲೂ ಇವಳೇ ತರ್ತಾಳೆ."