ವಿಮಾನ ಹೊಡೆಯುವ ತೋಟಾಕ್ಕೆ ಹುಣಸೆಹಣ್ಣು

"ಪೂರ್ವ ಆಫ್ರಿಕಾದ ಸಮಸ್ತ ಕನ್ನಡಿಗರ ಪೈಕಿ ವಿಮಾನ ಹೊಡೆಯುವ ಫ್ರೆಂಚ್ ಫಿರಂಗಿಯ ತೋಟಾ ಸಂಗ್ರಹಿಸುವ ಮೊದಲನೆಯವನು ನಾನಾಗುತ್ತೇನೆ!" ಎಂದು ೧೯೯೧ರ ಒಂದು ಸಂಜೆ ಊಟದ ಮೇಜಿನ ಮುಂದೆ ನಿಂತು ಘೋಷಿಸಿದೆ.

"ಎರಡನೆಯವರು ಯಾರೂ ಬರಲ್ಲ ಬಿಡಿ. ಕೈ ತೊಳ್ಕೊಂಡು ಬನ್ನಿ, ಸಾರು ಆರುತ್ತೆ," ಎಂದಳು ನನ್ನ ಹೆಂಡತಿ ಸುಶೀಲಾ.

ನನ್ನ ಘೋಷಣೆಗೆ ಬಲವಾದ ಕಾರಣವಿತ್ತು. ನಾನು ನೈರೋಬಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ಹೈರಿಡ್ಜ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರೂ ನನ್ನನ್ನು 'ಮ್ವಾಲಿಮು', ಅಂದರೆ ಮೇಷ್ಟ್ರು, ಎಂದೇ ಕರೆಯುತ್ತಿದ್ದರು. ಆದರೆ ಮೇಲಿನ ಮಹಡಿಯಲ್ಲಿದ್ದ ನಮ್ಮ ಕರಾವಳಿ ಕಡೆಯ ಕಾಜಿಟನ್ ಅಂಚೆಚೀಟಿ ಸಂಗ್ರಹಿಸತೊಡಗಿದ್ದೇ ತಡ, ಬಂದವರೆಲ್ಲ ನನ್ನ ಬಾಗಿಲು ದಾಟಿ ಅವನ ಮೆಟ್ಟಿಲು ಹತ್ತುತ್ತಿದ್ದರು. ಹಿಂದೆ ಅಂಟು ಹಚ್ಚಿದ ಕಾಗದಕ್ಕೇ ಅಷ್ಟು ಮರ್ಯಾದೆಯಾದರೆ ಫಿರಂಗಿಗೆ ಎಷ್ಟಿರಬೇಡ!

ತೋಟಾ ಸಿಕ್ಕಿದ್ದು ಪೇಟೆಯ ಒಂದು ಹರಾಜಿನ ಅಂಗಡಿಯಲ್ಲಿ. ಅಡಿಗಿಂತ ಸ್ವಲ್ಪ ಎತ್ತರದ ಖಾಲಿ ಹಿತ್ತಾಳೆ ಕೊಳವೆ, ಇದ್ದಿಲಿನಷ್ಟು ಕಪ್ಪು. "ಫ್ರೆಂಚ್, ಸರ್. ವಿಮಾನ ಹೊಡೆದದ್ದು," ಎಂದ ಅಂಗಡಿಯವನು. ನಾನು ಅದನ್ನು ಎದೆಗವಚಿಕೊಂಡು ಮಟಾಟು ವ್ಯಾನು ಹತ್ತಿದೆ. ಕಂಡಕ್ಟರ್ ಕಣ್ಣರಳಿಸಿ "ಬೋಮು?", ಅಂದರೆ ಬಾಂಬಾ, ಎಂದ. ನಾನು ಗಂಭೀರವಾಗಿ ತಲೆಯಾಡಿಸಿದೆ. ಕಾಲಿಡಲು ಜಾಗವಿಲ್ಲದ ಮಟಾಟುವಿನಲ್ಲಿ ಇಡೀ ಸೀಟು ನನಗೊಬ್ಬನಿಗೇ ಬಿಟ್ಟುಕೊಟ್ಟರು! ಸಂಗ್ರಹಕಾರನ ಬಾಳು ಇಷ್ಟು ಸುಖದ್ದೆಂದು ನನಗೆ ಗೊತ್ತೇ ಇರಲಿಲ್ಲ.

ಮನೆಯಲ್ಲಿ ಕಷ್ಟ ಶುರುವಾಯಿತು. ತೋಟಾ ಇಡಲು ನಾನು ಆರಿಸಿದ್ದು ಹಾಲಿನ ಕಿಟಕಿಯ ಮೂಲೆ. ಸುಶೀಲಾ ಬಹಳ ಕಾಲದಿಂದ ಕಣ್ಣಿಟ್ಟಿದ್ದೂ ಅದೇ ಮೂಲೆಯ ಮೇಲೆ. ಅವಳ ಹೊಲಿಗೆ ಮೆಷಿನ್ ಮಂಚದ ಕೆಳಗೆ ಬಿದ್ದಿತ್ತು. ಬೆಳಕಿರುವ ಜಾಗ ಸಿಕ್ಕರೆ ಹೊಲಿಗೆ ಕ್ಲಾಸು ನಡೆಸಬೇಕೆಂಬುದು ಅವಳ ಆಸೆ.

"ಇದು ಅಸಲಿ ಅಂತ ಏನು ಗ್ಯಾರಂಟಿ?" ಎಂದಳು.

"ಭಾನುವಾರ ನಮ್ಮ ಕರಾವಳಿಯ ಬರ್ನಾರ್ಡ್ ಬರ್ತಾರೆ. ರೈಲ್ವೆ ವರ್ಕ್‌ಶಾಪಿನಲ್ಲಿ ಇಂಜಿನಿಯರ್ ಆಗಿದ್ದವರು, ಹಳೆ ಗುಂಡು ತೋಟಾ ಅಂದ್ರೆ ಅವರಿಗೆ ಪ್ರಾಣ. ಅಸಲಿ ಅಂದ್ರೆ ಮೂಲೆ ನನ್ನದು. ಅಲ್ಲ ಅಂದ್ರೆ ನಿನ್ನದು!"

"ಮಾತು ಅಂದ್ರೆ ಮಾತು," ಎಂದಳು.

ಆಗ ಮೈಸೂರಿನಿಂದ ಬಂದು ನಮ್ಮಲ್ಲಿದ್ದ ನನ್ನ ಅತ್ತೆ ಅಂಬುಜಾ ಮೂಗು ಮುರಿದರು. "ಅಳಿಯಂದ್ರೆ, ಇಷ್ಟು ಕಿಲುಬು ಹಿಡಿದಿರೋ ಪಾತ್ರೆ ಹಾಲಲ್ಲಿಟ್ರೆ ಬಂದವರು ಏನಂದ್ಕೋತಾರೆ?"

ನನಗೆ ಕೆಂಡದಂಥ ಕೋಪ ಬಂತು. "ಅತ್ತೆ, ಇದು ಪಾತ್ರೆ ಅಲ್ಲ. ಆಯುಧ! ಮಹಾಯುದ್ಧದಲ್ಲಿ ಆಕಾಶಕ್ಕೆ ಗುರಿಯಿಟ್ಟ ಆಯುಧ!"

"ಆಯುಧವೇ?" ಎಂದು ಅವರು ಭಕ್ತಿಯಿಂದ ಕೈಮುಗಿದರು. ಅಬ್ಬ, ಮನೆಯಲ್ಲಿ ಒಬ್ಬರಿಗಾದರೂ ಇದರ ಬೆಲೆ ಗೊತ್ತಾಯಿತಲ್ಲ ಎಂದು ಹಿಗ್ಗಿದೆ. ಆ ಹಿಗ್ಗೇ ನನಗೆ ಮುಳುವಾಯಿತು.

ಭಾನುವಾರ ಬೆಳಿಗ್ಗೆ ಬರ್ನಾರ್ಡರನ್ನು ಕರೆತರಲು ಅವರ ಮನೆಯಿದ್ದ ಲ್ಯಾವಿಂಗ್ಟನ್‌ಗೆ ಹೋದೆ. ದಾರಿಯುದ್ದಕ್ಕೂ ಅವರದು ಒಂದೇ ಉಪದೇಶ. "ನೋಡಿ ವಾಮನರೇ, ಹಳೆ ಹಿತ್ತಾಳೆಯ ಕಪ್ಪು ಉಂಟಲ್ಲ, ಅದೇ ಅದರ ಜಾತಕ. ಏನು ಮಾಡಿದ್ರೂ ಸರಿ, ಉಜ್ಜಬಾರದು ಮಾರಾಯ್ರೆ!"

"ಮುಟ್ಟಲೂ ಬಿಟ್ಟಿಲ್ಲ," ಎಂದು ಜಂಬದಿಂದ ಬಾಗಿಲು ತೆರೆದೆ.

ಒಳಗಿನಿಂದ ಊದಿನಕಡ್ಡಿಯ ವಾಸನೆ ಬಂತು. ಅಂದು ಆಯುಧಪೂಜೆ ಎಂಬುದು ನನಗೆ ಮರೆತೇಹೋಗಿತ್ತು! ಕಿಟಕಿಯ ಮೂಲೆಯಲ್ಲಿ ರಂಗೋಲಿ, ಅದರ ಮೇಲೆ ಸುಶೀಲಾಳ ಹೊಲಿಗೆ ಮೆಷಿನ್, ಈಳಿಗೆ ಮಣೆ, ಕತ್ತರಿ, ಮಿಕ್ಸಿ. ಇವೆಲ್ಲದರ ನಡುವೆ, ಮದುವೆ ಮನೆಯ ಕಳಶದ ಹಾಗೆ ಥಳಥಳ ಹೊಳೆಯುತ್ತ, ಮೈತುಂಬ ಅರಿಸಿನ ಕುಂಕುಮ ಬಳಿದುಕೊಂಡು, ಚೆಂಡು ಹೂವಿನ ಹಾರ ಹಾಕಿಕೊಂಡು ನಿಂತಿತ್ತು ನನ್ನ ತೋಟಾ!

"ಅತ್ತೇ! ಏನು ಮಾಡಿದ್ರಿ?"

"ಹುಣಸೆಹಣ್ಣು ಹಾಕಿ ತಿಕ್ಕಿದೆ. ಆಯುಧ ಅಂತ ನೀವೇ ತಾನೆ ಹೇಳಿದ್ದು? ಕೊಳಕು ಆಯುಧಕ್ಕೆ ಪೂಜೆ ಮಾಡಕ್ಕಾಗುತ್ತಾ?"

ನನಗೆ ಅಳು ಬಂತು, ನಿಜವಾಗಿ ಬಂತು. ಬರ್ನಾರ್ಡ್ ತಲೆಯ ಮೇಲೆ ಕೈ ಹೊತ್ತರು. ಕೊನೆಗೆ, "ಆಗಿದ್ದು ಆಯಿತು. ಬುಡ ನೋಡುವ. ಗುರುತೆಲ್ಲ ಇರೋದು ಬುಡದಲ್ಲಿ," ಎಂದು ತೋಟಾ ಎತ್ತಲು ಬಗ್ಗಿದರು.

"ಮುಟ್ಬೇಡಿ!" ಅತ್ತೆ ಗುಡುಗಿದರು. "ಪೂಜೆಗಿಟ್ಟ ಆಯುಧ ವಿಜಯದಶಮಿ ತನಕ ಎತ್ತಬಾರದು!"

"ಅಮ್ಮ, ವಾಲಿಸಿದ್ರೆ ಎತ್ತಿದ ಹಾಗಲ್ಲ," ಎಂದು ಸುಶೀಲಾ ನಡುವೆ ಬಂದಳು. ಸೋತರೆ ಮೂಲೆ ಕಳೆದುಕೊಳ್ಳುವವಳು ಅವಳೇ. ಆದರೂ ತಾನೇ ತೋಟಾ ವಾಲಿಸಿ ಹಿಡಿದಳು. ಬರ್ನಾರ್ಡ್ ಚಾಪೆಯ ಮೇಲೆ ಅಂಗಾತ ಮಲಗಿ, ಭೂತಗನ್ನಡಿ ಹಿಡಿದು, ಪೀಜೋ ಗಾಡಿಯ ಅಡಿಗೆ ನುಸುಳಿದ ಮೆಕ್ಯಾನಿಕ್ಕಿನಂತೆ ನೋಡತೊಡಗಿದರು.

"ಎಪ್ಪತ್ತೈದು ಮಿಲಿಮೀಟರ್... ಸಾವಿರದ ಒಂಬೈನೂರ ಹದಿನೇಳು... ಫ್ರಾನ್ಸಿನದೇ ಮಾರಾಯ್ರೆ! ಈ ಅಕ್ಷರ ನಿಮಗೆ ಮೊದಲು ಕಾಣ್ತಿರಲಿಲ್ವಾ?"

"ಕಪ್ಪಿನಲ್ಲಿ ಏನೂ ಕಾಣ್ತಿರಲಿಲ್ಲ."

"ಹಾಗಾದ್ರೆ ಅಮ್ಮನ ಹುಣಸೆಹಣ್ಣಿಗೆ ಥ್ಯಾಂಕ್ಸ್ ಹೇಳಿ. ಇದು ನೆಲದ ಮೇಲಿನ ಶತ್ರುಗಳಿಗೆ ಹೊಡೆಯೋ ಫಿರಂಗಿಯದ್ದು. ಅದೇ ಫಿರಂಗಿಯನ್ನು ಲಾರಿ ಮೇಲೆ ಮೂತಿ ಎತ್ತಿ ನಿಲ್ಲಿಸಿ ವಿಮಾನಕ್ಕೂ ಹೊಡೀತಿದ್ರು. ಇದು ನೆಲಕ್ಕೆ ಹಾರಿದ್ದೋ ಆಕಾಶಕ್ಕೋ, ಅದು ದೇವರಿಗೇ ಗೊತ್ತು. ಅಸಲಿ ಮಾತ್ರ ಹೌದು!"

"ಗೆದ್ದೆ! ಮೂಲೆ ನನ್ನದು!" ಎಂದು ಕುಣಿದೆ. "ಮೆಷಿನ್ ಮಂಚದ ಕೆಳಗೆ!"

"ಅದು ಹೇಗಾಗುತ್ತೆ ಅಳಿಯಂದ್ರೆ? ಅದನ್ನೂ ಪೂಜೆಗಿಟ್ಟಿದ್ದೀನಿ," ಎಂದರು ಅತ್ತೆ. "ನಾಳೆ ವಿಜಯದಶಮಿ. ಪೂಜೆಗಿಟ್ಟ ಕಡೆಯೇ ಕೆಲಸ ಶುರು ಮಾಡಬೇಕು. ಹೊಲಿಗೆ ಕ್ಲಾಸು ಅಂತ ಆಗಲೇ ಮೂರು ಮನೆಗೆ ಹೇಳಿಬಂದಿದ್ದೀನಿ."

ನಾನು ಆಸರೆಗಾಗಿ ಬರ್ನಾರ್ಡರತ್ತ ತಿರುಗಿದೆ. "ಸಾರ್, ನಿಮ್ಮ ಮನೆಯಲ್ಲಿ ಇಂಥ ತೋಟಾ ಎಲ್ಲಿಡ್ತೀರಿ? ಗಾಜಿನ ಬೀರುವಿನಲ್ಲಾ?"

ಅವರು ಕುಂಕುಮ ಮೆತ್ತಿದ ಮೂಗು ಒರೆಸಿಕೊಳ್ಳುತ್ತ ದನಿ ತಗ್ಗಿಸಿದರು. "ನನ್ನ ಹೆಂಡ್ತಿ ಅದರಲ್ಲಿ ಸ್ವೆಟರ್ ಹೆಣೆಯೋ ಕಡ್ಡಿ ಇಡ್ತಾಳೆ." ಆಮೇಲೆ ದನಿ ಏರಿಸಿ, "ಸುಶೀಲಮ್ಮ, ಹೇಗೂ ಮೆಷಿನ್ ಉಂಟಲ್ಲ, ನನ್ನ ಕೋಟು ಸ್ವಲ್ಪ ಬಿಗಿ ಆಗ್ತದೆ..."

ಮರುದಿನ ಕ್ಲಾಸು ಶುರುವಾಯಿತು. ವಾರ ಕಳೆಯುವಷ್ಟರಲ್ಲಿ ಹಾಲಿನ ತುಂಬ ಹುಡುಗಿಯರು, ಬಟ್ಟೆ ಚೂರು, ನಗು. ಸುಶೀಲಾಳ ಮುಖದ ಕಳೆ ನೋಡಿ, ನಿಜ ಹೇಳುತ್ತೇನೆ, ನನಗೂ ಖುಷಿಯಾಯಿತು. ತೋಟಾ ಅದೇ ಮೂಲೆಯಲ್ಲೇ ಇತ್ತು. ಒಳಗೆ ಗಜಕೋಲು, ಕತ್ತರಿ.

ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕಾಜಿಟನ್! ಮೆಟ್ಟಿಲಿಳಿದು ನನ್ನ ಬಾಗಿಲಿಗೆ ಬಂದಿದ್ದಾನೆ!

"ಮ್ವಾಲಿಮು ಇದ್ದಾರಾ?"

"ಬನ್ನಿ, ಬನ್ನಿ! ನೋಡೋಕೆ ಬಂದ್ರಾ? ಹದಿನೇಳನೇ ಇಸವಿಯದ್ದು, ಅಸಲಿ..."

"ನೀವಲ್ಲ ಮಾರಾಯ್ರೆ," ಎಂದ ಕಾಜಿಟನ್, ಬಗಲಿನ ಪೊಟ್ಟಣ ನನ್ನ ಕೈಗೆ ತುರುಕಿ. "ಹೊಲಿಗೆ ಮ್ವಾಲಿಮು. ನನ್ನ ಹೆಂಡ್ತಿದು ಬ್ಲೌಸ್ ಪೀಸು. ತೋಳು ಸ್ವಲ್ಪ ಉದ್ದ ಬೇಕಂತೆ, ಮರೀದೆ ಹೇಳಿ."