ಈಜು, ಸೈಕಲ್ಲು, ಓಟ ಮತ್ತು ನಮ್ಮ ನೆಂಟರು

ಬೇರೆ ಊರುಗಳಲ್ಲಿ ಮನುಷ್ಯರು ಸುಮ್ಮನೆ ಓಡಿ, ಸುಮ್ಮನೆ ಮನೆಗೆ ಬರಬಹುದೇನೋ. ಭಟ್ಕಳ, ಹೊನ್ನಾವರ, ಕುಮಟಾದ ನಡುವೆ ಆ ಸೌಭಾಗ್ಯ ಇಲ್ಲ. ಶೂ ಕಟ್ಟಿ ಗೇಟು ದಾಟಿದರೆ ಸಾಕು, ಏನಾದರೊಂದು ನಡೆದೇ ತೀರುತ್ತದೆ.

ನಾನು ಕುಮಟಾದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ನಮ್ಮ ಕಡೆ ಟೀಚರನ್ನು ಅಕ್ಕೋರು ಅನ್ನುತ್ತಾರೆ, ಹಾಗಾಗಿ ನಾನು ಊರಿಗೆಲ್ಲ ಅಕ್ಕೋರು. ನಲವತ್ತು ದಾಟಿದ ಮೇಲೆ ಟ್ರಯಥ್ಲಾನಿನ ಹುಚ್ಚು ಹಿಡಿಯಿತು. ಮೊದಲು ಈಜಬೇಕು, ಆಮೇಲೆ ಸೈಕಲ್ ತುಳಿಯಬೇಕು, ಅದೂ ಮುಗಿದ ಮೇಲೆ ಓಡಬೇಕು. ಗಡುವಿನೊಳಗೆ ಮುಗಿಸಿದವರಿಗೆಲ್ಲ ಪದಕ, ಮುಗಿಸದವರಿಗೆ ಬಾಳೆಹಣ್ಣು. ಜೊತೆಗೆ ಇಬ್ಬರು ಸಿಕ್ಕಿದರು. ಒಬ್ಬರು ಹೊನ್ನಾವರದ ಹಲ್ಲಿನ ಡಾಕ್ಟರು, ಇನ್ನೊಬ್ಬರು ಭಟ್ಕಳದ ಬಟ್ಟೆ ಅಂಗಡಿ ಸಾಹುಕಾರರು.

ಕಳೆದ ಸೀಸನ್ನಿನಲ್ಲಿ ಮೂರು ಊರಲ್ಲೂ ಒಂದೊಂದು ರೇಸು ಇತ್ತು. ಒಂದಾದರೂ ಮುಗಿಸಲೇಬೇಕು ಅಂತ ನನ್ನ ಹಟ. ಹಟಕ್ಕೆ ಕಾರಣ ನಮ್ಮ ಮನೆತನ. ಅಪ್ಪ ದೋಣಿಯ ತಾಂಡೇಲ, ಅಂದರೆ ದೋಣಿ ನಡೆಸುವ ಯಜಮಾನ. ಅಮ್ಮ ಕುಮಟಾದ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿ ಇಟ್ಟು ಕೂರುವವಳು. ಇಷ್ಟಿದ್ದೂ ನನಗೆ ಈಜು ಬರುತ್ತಿರಲಿಲ್ಲ, ಯಾಕೆಂದರೆ ನಮ್ಮಲ್ಲಿ ಹೆಣ್ಣುಮಕ್ಕಳನ್ನು ದೋಣಿ ಹತ್ತಿಸುವುದಿಲ್ಲ. ನಾನಿನ್ನೂ ಕೈಕಾಲು ಆಡಿಸುವುದು ಕಲಿಯುತ್ತಿರುವಾಗಲೇ ಅಮ್ಮ ಮಾರ್ಕೆಟ್ಟಿಗೆಲ್ಲ ಸಾರಿಬಿಟ್ಟಿದ್ದಳು: "ನಮ್ಮ ಹುಡುಗಿ ಮೆಡ್ಲು ತರ್ತಾಳೆ."

ಅಘನಾಶಿನಿಯಲ್ಲಿ ಮುಳುಗಿದ್ದು

ಈಜಿನ ತಾಲೀಮಿಗೆ ನಾನೂ ಡಾಕ್ಟರೂ ಭಾನುವಾರಗಳಂದು ಅಘನಾಶಿನಿಗೆ ಹೋಗುತ್ತಿದ್ದೆವು. ಒಂದು ದಿನ ದಡದಿಂದ ಬಹಳ ದೂರ ಹೋಗಿಬಿಟ್ಟಿದ್ದೇವೆ ಅನ್ನಿಸಿತು. ನನಗೆ ಉಸಿರು ಕಟ್ಟಿತು, ಕೈ ಸೋತಿತು, ಸ್ಕೂಲಿನ ಮಕ್ಕಳೆಲ್ಲ ಕಣ್ಣೆದುರು ಬಂದರು. ಕೈ ಎತ್ತಿ "ಅಯ್ಯಯ್ಯೋ, ಬರ‍್ರೋ!" ಎಂದು ಕೂಗಿದೆ.

ಹತ್ತಿರದಲ್ಲೇ ಬಳಚು ಆರಿಸುತ್ತಿದ್ದ ಹೆಂಗಸರು ತಿರುಗಿ ನೋಡಿದರು. ಇಳಿತದ ಹೊತ್ತು, ನೀರು ಕಡಿಮೆಯಾದಾಗ ಅವರು ಹೊಳೆಯೊಳಗೆ ನಡೆದುಕೊಂಡೇ ಬಂದು ಕೆಸರಲ್ಲಿ ಚಿಪ್ಪಿ ಹೆಕ್ಕುತ್ತಾರೆ. ಅವರಲ್ಲೊಬ್ಬಳು ಬುಟ್ಟಿಯನ್ನೂ ಕೆಳಗಿಡದೆ ಹೇಳಿದಳು: "ಅಕ್ಕೋರೆ, ಎಂತಕೆ ಕೂಗ್ತ್ರಿ? ಎದ್ದು ನಿಂತ್ಕಳಿ."

ನಿಂತೆ. ನೀರು ಮೊಣಕಾಲಿಗೂ ಸರಿಯಾಗಿ ಬರಲಿಲ್ಲ.

ಡಾಕ್ಟರು ಮಾತ್ರ ನಿಲ್ಲಲಿಲ್ಲ. "ಇಷ್ಟು ಜನರ ಎದುರು ಎದ್ದು ನಿಂತ್ರೆ ಮರ್ಯಾದೆ ಹೋಗ್ತು" ಎಂದು, ಹೊಟ್ಟೆ ಕೆಸರಿಗೆ ತಾಗಿ ಮುಂದೆ ಸಾಗುವುದೇ ನಿಂತುಹೋಗುವವರೆಗೂ ಈಜಿದರು.

ಹಿರೇಗುತ್ತಿ ರಸ್ತೆಯ ಉಪಕಾರ

ಹಿರೇಗುತ್ತಿಯಲ್ಲಿ ಕಾರು ನಿಲ್ಲಿಸಿ ನಾನೂ ಸಾಹುಕಾರರೂ ಓಡುತ್ತಿದ್ದ ಬೆಳಗು ಅದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಪ್ಪ ಸ್ಕೂಟರು ತಂದು ಪಕ್ಕಕ್ಕೆ ಹಚ್ಚಿದ. "ಅಕ್ಕೋರೆ, ಬಸ್ಸು ತಪ್ಪಿತಾ? ಹತ್ತಿ."

"ಇಲ್ಲ, ಸುಮ್ಮನೆ ಓಡ್ತಾ ಇದ್ದೆ."

"ಸುಮ್ಮನೆ ಯಾರು ಓಡ್ತಾರೆ? ಸಂಕೋಚ ಬೇಡ, ಹತ್ತಿ."

ನಾನು ಓಡುತ್ತಿದ್ದಷ್ಟು ದೂರವೂ ಆತ ಪಕ್ಕದಲ್ಲೇ ಗಾಡಿ ಬಿಟ್ಟುಕೊಂಡು ಬಂದ. ನಾನು ಬೇಡ ಅಂದಷ್ಟೂ ಅವನ ಮುಖ ಸಣ್ಣದಾಗುತ್ತ ಹೋಯಿತು. ಕೊನೆಗೆ "ಆತು ಬಿಡಿ, ನಮ್ಮಂಥವರ ಹಳೇ ಗಾಡಿ ನೀವು ಹತ್ತೂದು ಹೌದಾ?" ಅಂದುಬಿಟ್ಟ.

ಸಾಹುಕಾರರು ವ್ಯಾಪಾರದ ಮನುಷ್ಯ, ಯಾರ ಮನಸ್ಸನ್ನೂ ನೋಯಿಸುವವರಲ್ಲ. "ಅರೆ ಭಾಯಿ, ನಾನು ಬರ್ತೇನೆ" ಎಂದು ಹತ್ತಿ ಕೂತರು. ಆತನಿಗೆ ಎಷ್ಟು ಖುಷಿಯಾಯಿತೆಂದರೆ ನಡುವೆ ಎಲ್ಲೂ ಇಳಿಸದೆ ಕುಮಟಾ ಬಸ್‌ಸ್ಟ್ಯಾಂಡಿಗೇ ತಂದು ಬಿಟ್ಟ. ಸಾಹುಕಾರರ ಕಾರು ಹಿರೇಗುತ್ತಿಯಲ್ಲಿತ್ತು, ಪರ್ಸು ಕಾರಿನಲ್ಲಿತ್ತು. ಇಡೀ ಸೀಸನ್ನಿನಲ್ಲಿ ಅವರು ಓಡಿದ ಅತಿ ಉದ್ದದ ಓಟ ಅಂದರೆ ಅಲ್ಲಿಂದ ವಾಪಸ್ ಕಾರಿನವರೆಗಿನದೇ.

ಭಟ್ಕಳದ ಬಲೆಗೆ ಬಿದ್ದದ್ದು

ಮೊದಲ ರೇಸು ಭಟ್ಕಳದಲ್ಲಿ, ಈಜು ಸಮುದ್ರದಲ್ಲಿ. ಅಲೆಯೊಂದು ಮುಖಕ್ಕೆ ಹೊಡೆಯಿತು, ನಾನು ಅರ್ಧ ಸಮುದ್ರ ಕುಡಿದೆ. ಈ ಸಲ ಎದ್ದು ನಿಂತು ನೋಡಿದರೆ ನಿಜವಾಗಿಯೂ ನೆಲ ಸಿಗಲಿಲ್ಲ. ಕಾವಲಿಗಿದ್ದ ದೋಣಿಯವರು ಬಂದು ರಟ್ಟೆ ಹಿಡಿದು ಎತ್ತಿ ಒಳಗೆ ಹಾಕಿಕೊಂಡರು. ಹಾಗೆ ಎತ್ತಿದರೆ ರೇಸು ಮುಗಿದ ಲೆಕ್ಕ.

ದೋಣಿಯವ ನನ್ನ ಮುಖ ನೋಡಿ, "ನೀವು ಕುಮಟಾದ ತಾಂಡೇಲರ ಮಗಳಲ್ವ?" ಎಂದ. ನಾನು ಮುಖ ಒರೆಸಿಕೊಳ್ಳುವುದರೊಳಗೆ ಅಪ್ಪನಿಗೆ ಫೋನು ಹೋಗಿತ್ತು. ದಡ ಮುಟ್ಟುವುದರೊಳಗೆ ಸುದ್ದಿ ಮಾರ್ಕೆಟ್ಟಿಗೂ ಮುಟ್ಟಿತ್ತು. ಬಂಗಡೆ ಕೇಳಲು ಬಂದವರೆಲ್ಲ ಅಮ್ಮನ ಹತ್ತಿರ "ಭಟ್ಕಳದಲ್ಲಿ ಇವತ್ತು ದೊಡ್ಡ ಮೀನು ಸಿಕ್ತಂತೆ?" ಎಂದು ಕೇಳಿದರಂತೆ. ಅಮ್ಮ ಆ ದಿನ ಬುಟ್ಟಿ ಅರ್ಧ ಖಾಲಿಯಾಗುವ ಮೊದಲೇ ಎದ್ದು ಬಂದಳು. ನನಗೆ ಸೋತದ್ದಕ್ಕಿಂತ ಅದೇ ಹೆಚ್ಚು ನೋವಾಯಿತು. ಮೀನುಗಾರರ ಮಗಳನ್ನು ಮೀನಿನ ಹಾಗೆ ಎತ್ತಿದರು ಅನ್ನುವ ಮಾತನ್ನು ಅಳಿಸಲೇಬೇಕಿತ್ತು.

ಅಪ್ಪ ಜಗಲಿಯಲ್ಲಿ ಕೂತಿದ್ದ. ಬೈಯುತ್ತಾನೆ ಅಂದುಕೊಂಡು ತಲೆ ತಗ್ಗಿಸಿ ನಿಂತೆ. ಅಪ್ಪ ಕೇಳಿದ್ದು ಬೇರೆಯೇ: "ಬೇರೆಯವರ ದೋಣಿ ಎಂತಕೆ ಹತ್ತಿದೆ? ನಮ್ಮದಿರ್ಲಿಲ್ವ?"

ಹೊನ್ನಾವರದ ಶರಬತ್ತು

ಅಂದಿನಿಂದ ಅಪ್ಪ ತಾನೇ ದೋಣಿ ತಂದು ನನ್ನ ಪಕ್ಕದಲ್ಲೇ ನಡೆಸುತ್ತ ಈಜಿಸಿದ. ಹೊನ್ನಾವರದ ರೇಸಿನಲ್ಲಿ ಶರಾವತಿಯನ್ನು ಯಾರ ಕೈಯೂ ತಾಗದೆ ಮುಗಿಸಿದೆ. ಸೈಕಲ್ಲೂ ಮುಗಿಯಿತು. ಓಟವೊಂದೇ ಬಾಕಿ, ಪದಕ ಇನ್ನೇನು ಕೊರಳಿಗೆ ಬಿತ್ತು ಅನ್ನುವಾಗ ಚಿಕ್ಕಮ್ಮನ ಮನೆ ಬಂತು.

ಚಿಕ್ಕಮ್ಮ ರಸ್ತೆ ನಡುವೆ ಮುರುಗಲ ಹಣ್ಣಿನ ಶರಬತ್ತು ಹಿಡಿದು ನಿಂತಿದ್ದಳು. ರೇಸಿನವರು ಇಟ್ಟ ಮೇಜಿನಿಂದ ಬಿಟ್ಟು ಬೇರೆ ಯಾರಿಂದಲೂ ಏನೂ ತೆಗೆದುಕೊಳ್ಳಬಾರದು ಅಂತ ನಿಯಮ. ನಾನು ಕೈ ಮುಗಿದೆ, ಕಾಲಿಗೆ ಬೀಳುವುದೊಂದು ಬಾಕಿ. ಅವಳು ಕೈ ಬಿಡಲಿಲ್ಲ. "ನಮ್ಮನೆ ಎದುರು ಹಾದು ಒಂದು ಗುಟುಕು ಕುಡೀದೆ ಹೋಗ್ತ್ಯ? ನಾವೆಂತ ಸತ್ತುಹೋಗಿದ್ವ?"

ಕುಡಿದೆ. ಹಿಂದೆಯೇ ಮೋಟಾರ್ ಸೈಕಲ್ಲಿನಲ್ಲಿ ರೆಫ್ರಿ ಬಂದರು. ಹುಬ್ಬಳ್ಳಿ ಕಡೆಯವರು, ದಪ್ಪ ಮೀಸೆ, ನಗುವುದೇ ಗೊತ್ತಿಲ್ಲದ ಮುಖ. "ಅಕ್ಕಾರ, ನಿಮ್ಮ ರೇಸ್ ಮುಗೀತ್ರಿ" ಅಂದರು. ಚಿಕ್ಕಮ್ಮ ಅವರಿಗೂ ಒಂದು ಲೋಟ ಚಾಚಿದಳು. ಅವರು ಮುಟ್ಟಲಿಲ್ಲ.

ಸಂಜೆ ಅಮ್ಮನಿಗೆ ಚಿಕ್ಕಮ್ಮನ ಫೋನು ಬಂತು. ನನ್ನ ಪದಕ ತಪ್ಪಿಸಿದ್ದಕ್ಕೆ ಬೇಸರ ಹೇಳಿಕೊಳ್ಳುತ್ತಾಳೆ ಅಂದುಕೊಂಡೆ. ಅಲ್ಲ, ದೂರು ಹೇಳಲು ಮಾಡಿದ್ದು: "ನಿನ್ನ ಮಗಳು ಅರ್ಧ ಲೋಟ ಹಾಗೇ ಬಿಟ್ಟು ಹೋದಳು."

ಕುಮಟಾದ ಕಡೆಯ ಓಟ

ಉಳಿದದ್ದು ಕುಮಟಾದ ರೇಸು. ಇದೂ ಹೋದರೆ ಅಮ್ಮ ಮಾರ್ಕೆಟ್ಟಿನಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಓಟದ ದಾರಿ ನೋಡಿದರೆ, ತಿರುವಿಗೊಂದು ನೆಂಟರ ಮನೆ.

ಅಮ್ಮ ವಾರವಿಡೀ ಮನೆ ಮನೆಗೆ ಹೋಗಿ ದೇವರ ಆಣೆ ಹಾಕಿಸಿ ಬಂದಳು. ನನಗೆ ಯಾರೂ ಏನೂ ಕೊಡಬಾರದು, ಕರೆಯಬಾರದು, ಮುಟ್ಟಬಾರದು. ಚಿಕ್ಕಮ್ಮನಿಂದ ಎರಡು ಸಲ ಆಣೆ ಹಾಕಿಸಿದಳು.

ಅಂದು ಈಜು ಚೆನ್ನಾಗಿ ಆಯಿತು. ಡಾಕ್ಟರೂ ಸಾಹುಕಾರರೂ ಮುಂದೆ ಹೋದರು. ಸೈಕಲ್ಲಿನಲ್ಲಿ ಎದುರುಗಾಳಿ ಹೊಡೆದು, ಓಟ ಶುರುವಾಗುವಾಗ ನಾನು ಎಲ್ಲರಿಗಿಂತ ಕಡೆಯವಳಾಗಿದ್ದೆ. ಕಡೆಯವರ ಹಿಂದೆ ಒಬ್ಬ ರೆಫ್ರಿ ಬರಬೇಕು ಅನ್ನುವುದು ಪದ್ಧತಿ. ತಿರುಗಿ ನೋಡಿದರೆ ಅದೇ ಮೀಸೆ.

ನೆಂಟರೆಲ್ಲ ಮಾತಿಗೆ ತಪ್ಪಲಿಲ್ಲ. ಗೇಟಿಗೊಬ್ಬರಂತೆ ಕೈ ಹಿಂದೆ ಕಟ್ಟಿ, ಬಾಯಿ ಬಿಗಿದು, ಸಾವಿನ ಮನೆಗೆ ಬಂದವರ ಹಾಗೆ ನಿಂತಿದ್ದರು. ರೇಸಿಗೆಂದೇ ಹೊನ್ನಾವರದಿಂದ ಬಂದು ಕಡೆಯ ಮನೆಯ ಗೇಟಿನಲ್ಲಿ ನಿಂತಿದ್ದ ಚಿಕ್ಕಮ್ಮ ಕರೆಯದೆ ಇರಲಾಗದೆ ಸೆರಗನ್ನೇ ಬಾಯಿಗೆ ತುರುಕಿಕೊಂಡಿದ್ದಳು, ಕಣ್ಣಲ್ಲಿ ನೀರು. ಇಷ್ಟು ಜನ ನನಗೋಸ್ಕರ ಇಷ್ಟು ಕಷ್ಟಪಡುತ್ತಿದ್ದಾರಲ್ಲ ಎಂದು ಹೆಮ್ಮೆಯಾಗಿ, ಸತ್ತಿದ್ದ ಕಾಲುಗಳಿಗೆ ಜೀವ ಬಂತು.

ಆದರೆ ಅಮ್ಮ ಆಣೆ ಹಾಕಿಸಿದ್ದು ನನ್ನ ಮಟ್ಟಿಗೆ ಮಾತ್ರ. ಹಿಂದೆ ಬರುತ್ತಿದ್ದವರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ನನಗೆಂದು ಮಾಡಿ, ಕೊಡಲಾಗದೆ ಉಳಿದ ತಿಂಡಿಯೆಲ್ಲ ಎಲ್ಲಿಗೆ ಹೋಗಬೇಕು? ಮೊದಲ ಮನೆಯಲ್ಲಿ ದೊಡ್ಡಮ್ಮ ಮೋಟಾರ್ ಸೈಕಲ್ಲಿಗೇ ಅಡ್ಡ ನಿಂತಳು. "ದೂರದಿಂದ ಬಂದೋರು ಹಸಿದು ಹೋಗೂಕಾಗ. ಒಂದು ಎಳನೀರು." ಅವರು ಕುಡಿದರು. ಅಲ್ಲಿ ಕುಡಿದ ಮೇಲೆ ಪಕ್ಕದ ಮನೆಯಲ್ಲಿ ಬೇಡ ಅನ್ನುವುದು ಹೇಗೆ? ಅಲ್ಲಿ ಅವಲಕ್ಕಿ. ಅಲ್ಲಿ ತಿಂದವರು ಅತ್ತೆಯ ಮನೆಯ ಕಡುಬು ಬಿಟ್ಟರೆ ಅತ್ತೆ ಸುಮ್ಮನಿರುತ್ತಾಳಾ? ಪ್ರತಿ ಮನೆಯ ಹತ್ತಿರವೂ ಗಾಡಿ ನಿಲ್ಲುವ ಸದ್ದು, ಸ್ವಲ್ಪ ಹೊತ್ತಿಗೆ ಮತ್ತೆ ಹೊರಡುವ ಸದ್ದು ಕೇಳುತ್ತಿತ್ತು. ಚಿಕ್ಕಮ್ಮ ಬಾಯಿಂದ ಸೆರಗು ತೆಗೆದು ಹುರಿದ ಬಂಗಡೆ ಬಡಿಸಿದ ಮೇಲೆ ಆ ಸದ್ದೂ ನಿಂತುಹೋಯಿತು.

ಗಡುವಿಗೆ ಸ್ವಲ್ಪವೇ ಉಳಿದಿದ್ದಾಗ ಗೆರೆ ದಾಟಿದೆ. ನಿಂತಲ್ಲೇ ಗಳಗಳನೆ ಅತ್ತುಬಿಟ್ಟೆ. ಅಪ್ಪ ಬೆನ್ನು ತಟ್ಟಿದ. ಆದರೆ ರೆಫ್ರಿ ಬಂದು ಹೇಳದೆ ಪದಕ ಕೊಡುವ ಹಾಗಿರಲಿಲ್ಲ. ಕಾದೆವು. ಬಹಳ ಹೊತ್ತಿನ ಮೇಲೆ ಅವರು ಬೆಲ್ಟು ಸಡಿಲಿಸಿಕೊಂಡು, ಹ್ಯಾಂಡಲಿಗೊಂದು ಪೊಟ್ಟಣ ನೇತು ಹಾಕಿಕೊಂಡು ಬಂದರು.

"ಇವರು ದಾರಿಯಲ್ಲಿ ಯಾರಿಂದಲಾದರೂ ಏನಾದರೂ ತೆಗೆದುಕೊಂಡರಾ?" ಎಂದು ರೇಸಿನವರು ಕೇಳಿದರು.

ಅವರು ಎದೆ ಮೇಲೆ ಕೈ ಇಟ್ಟುಕೊಂಡು, "ಒಂದ ಹನಿ ಸೈತ ಮುಟ್ಟಿಲ್ರಿ. ಎಲ್ಲಾ ನಾನ ತಿಂದೇನ್ರಿ" ಅಂದರು.

ಮರುದಿನ ಅಮ್ಮ ನನ್ನ ಪದಕವನ್ನು ತನ್ನ ಕೊರಳಿಗೇ ಹಾಕಿಕೊಂಡು ಮಾರ್ಕೆಟ್ಟಿಗೆ ಹೋದಳು. ಭಟ್ಕಳದ ಮೀನಿನ ಸುದ್ದಿ ಕೇಳಿದ್ದ ಗಿರಾಕಿಯೊಬ್ಬ ಬಿಡಲಿಲ್ಲ. "ಮಗಳು ಎಲ್ಲರಿಗಿಂತ ಕಡೆಗೆ ಬಂದಳಂತಲ್ಲ?"

ಅಮ್ಮ ಮೀನು ಕೊಯ್ಯುವುದನ್ನು ನಿಲ್ಲಿಸಲಿಲ್ಲ. "ಯಾರು ಹೇಳಿದ್ರು? ಅವಳ ಹಿಂದೆ ಮತ್ತೊಬ್ಬ ಇದ್ದ. ಮೋಟಾರ್ ಸೈಕಲ್ ಮೇಲೆ ಬಂದ್ರೂ ಅವಳನ್ನ ಹಿಡಿಯೂಕೆ ಆಗ್ಲಿಲ್ಲ."